ಬಣ್ಣ ಒಣಗಲಿ, ಮಗಳೇ

ಚಿಕ್ಕೋಡಿ



ಪುಣೆಯಿಂದ ನೀನು ಕಳಿಸಿದ ಫೋಟೋ ನೋಡಿದೆ. ಅಜ್ಜಿಯ ಸಾಗವಾನಿ ಕಪಾಟಿಗೆ ಬಿಳಿ ಬಣ್ಣ! ಎದೆ ಧಸಕ್ಕೆಂದಿತು, ಸುಳ್ಳೇಕೆ ಹೇಳಲಿ. ನಿಮ್ಮವ್ವ ‘ಆಕಿ ಮನಿ, ಆಕಿ ಬಣ್ಣ, ಸುಮ್ಮಕಿರ್ರಿ’ ಅಂದಳು. ಎರಡನೆಯ ಸಲ ನೋಡಿದಾಗ ನನಗೂ ಚಂದವೇ ಕಂಡಿತು. ಆದರೆ ‘ನಾಳೆ ಕ್ಲಿಯರ್ ಕೋಟ್ ಹೊಡೆದು ಮುಗಿಸ್ತೀನಿ’ ಎಂದಿದ್ದೆಯಲ್ಲ, ಆ ‘ನಾಳೆ’ಗೆ ಹೆದರಿ ಫೋನ್ ಮಾಡಿ ತಡೆದೆ. ಕಾರಣ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಪತ್ರ.

ನಾವಿನ್ನೂ ನಿಪ್ಪಾಣಿಯಲ್ಲಿದ್ದ ಕಾಲ. ನಿನ್ನ ಸೋದರತ್ತೆಯ ಮದುವೆಗೆಂದು ಕಟ್ಟಿಗೆಯ ಸಂದೂಕ ಮಾಡಿಸಿದ್ದೆವು. ಹಸಿರು ಆಯಿಲ್ ಪೇಂಟ್ ನಾನೇ ಬಳಿದೆ. ಮರುದಿನ ಮುಟ್ಟಿದರೆ ಕೈಗೆ ಹತ್ತಲಿಲ್ಲ. ಒಣಗಿತು ಅಂದುಕೊಂಡು ಲ್ಯಾಕರಿಗೆ ಥಿನ್ನರ್ ಬೆರೆಸಿ ಹಚ್ಚಿದೆ. ಕುಂಚ ತೊಳೆದು ಬರುವಷ್ಟರಲ್ಲಿ ಸಂದೂಕದ ಮೈಯೆಲ್ಲ, ಕಾಯಿಸಿದ ಹಾಲಿನ ಕೆನೆ ಊದಿದಂತೆ, ಸುಕ್ಕುಗಟ್ಟಿತ್ತು. ಒಳಗೆ ಹಸಿಯಿದ್ದ ಬಣ್ಣವನ್ನು ಥಿನ್ನರ್ ಕೆದಕಿ ಮೇಲೆಬ್ಬಿಸಿತ್ತು. ಮಾಡಿಕೊಟ್ಟ ಬಡಿಗ ಅಜ್ಜ ನೋಡಿ, ‘ತಂಬಾಕಿನ ಊರಾಗ ಬೆಳದು ಒಣಗೂದು ಅಂದ್ರೇನಂತ ಗೊತ್ತಿಲ್ಲೇನಪಾ?’ ಎಂದು ನಕ್ಕ. ಎಲೆ ಗರಿಗರಿ ಎಂದರೂ ನಡುವಿನ ದಂಟು ಹಸಿಯಿದ್ದರೆ ಒಟ್ಟಿದ ರಾಶಿಯೇ ಬೂಸಲು ಹಿಡಿಯುತ್ತದೆ. ನಿಪ್ಪಾಣಿಯ ಹುಡುಗರಿಗೂ ಗೊತ್ತಿರುವ ಮಾತು. ಸಂದೂಕವನ್ನು ಕೆರೆದು ಕೆರೆದು ನನ್ನ ಬೆರಳಿಗೆ ಬೊಬ್ಬೆ ಬಂದವು. ನಿಮ್ಮತ್ತೆ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಕಾಗವಾಡ, ರಾಯಬಾಗದ ದಂಡೆಯ ಊರುಗಳಿಗೆ ನುಗ್ಗಿದಳಲ್ಲ, ಆಗ ಬೀಗರ ಮನೆಯ ಮೇಜೊಂದು ನಾಲ್ಕು ದಿನ ನೀರಲ್ಲಿ ನಿಂತಿತ್ತು. ಹದಿನೈದು ದಿನ ಬಿಸಿಲಿಗಿಟ್ಟು, ಬಣ್ಣ ಬಳಿದು, ಮೇಲೆ ವಾರ್ನಿಶ್ ಹಚ್ಚಿಕೊಟ್ಟವನು ನಾನೇ. ದೀಪಾವಳಿಗೆ ಹೋದಾಗ ಮೇಜಿನ ತುಂಬ ಗುಳ್ಳೆ. ಮರದೊಳಗಿನ ನೀರು ಹೊರಬರಲು ದಾರಿಯಿಲ್ಲದೆ ಬಣ್ಣವನ್ನೇ ಎತ್ತಿತ್ತು. ಅವರು ಅದರ ಮೇಲೆ ಒಂದು ಬಟ್ಟೆ ಹಾಸಿ ನನಗೆ ಚಹಾ ಕೊಟ್ಟರು.

ಹಾಗಾಗಿ ಕಾಯಿ. ನಿನ್ನದು ಆಯಿಲ್ ಪೇಂಟಾದರೆ ಎರಡು ಮೂರು ವಾರವಾದರೂ ಬೇಕು. ಈ ಮಳೆಯಲ್ಲಿ ಇನ್ನೂ ಹೆಚ್ಚೇ. ಹಲಗೆಯ ಅಡಿಗೆ, ಯಾರೂ ನೋಡದ ಕಡೆ ಉಗುರು ಒತ್ತಿ ನೋಡು. ಗುರುತು ಬಿದ್ದರೆ ಇನ್ನೂ ಹಸಿ. ಮೂಗಿಟ್ಟು ನೋಡು, ಬಣ್ಣದ ವಾಸನೆ ಇದ್ದರೂ ಹಸಿಯೇ. ಪೂರ್ತಿ ಒಣಗಿದ ಮೇಲೆ 320ರ ಮರಳು ಕಾಗದದಿಂದ ಹಗುರಾಗಿ ಉಜ್ಜಿ, ಹೊಳಪು ತೆಗೆದು, ಧೂಳು ಒರೆಸು. ನುಣ್ಣನೆಯ ಬಣ್ಣಕ್ಕೆ ಕ್ಲಿಯರ್ ಕಚ್ಚುವುದಿಲ್ಲ.

ಬಿಳಿಯ ಮೇಲೆ ಎಣ್ಣೆ ವಾರ್ನಿಶ್ ಮಾತ್ರ ಬೇಡ, ವರ್ಷ ಕಳೆದಂತೆ ಹಳದಿಯಾಗುತ್ತದೆ. ನಮ್ಮ ಕಾಲದ ಅರಗಿನ ಪಾಲಿಶ್ ನನಗೆ ಬಲು ಇಷ್ಟ. ಮುತ್ತುಗದಂಥ ಮರಗಳ ಟೊಂಗೆಯ ಮೇಲೆ ಪುಟ್ಟ ಹುಳ ಸ್ರವಿಸಿದ ಅಂಟನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಆಯಿತು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅರಗೇ. ಆದರೆ ಬಿಸಿ ಚಹಾದ ಲೋಟ ಇಟ್ಟರೆ ಬೆಳ್ಳನೆಯ ಬಳೆ ಮೂಡುತ್ತದೆ, ನಿನ್ನ ಗಂಡನ ಅಭ್ಯಾಸ ನನಗೆ ಗೊತ್ತು. ನೀರಿನಲ್ಲಿ ಕಲಸಿದ ಪಿಯು (ಪಾಲಿಯುರೆಥೇನ್) ತಾ. ಡಬ್ಬಿಯಲ್ಲಿ ಹಾಲಿನಂತಿದ್ದರೂ ಒಣಗಿದರೆ ತಿಳಿಯಾಗುತ್ತದೆ. ಡಬ್ಬಿ ಅಲುಗಾಡಿಸಬೇಡ, ಗುಳ್ಳೆ ಏಳುತ್ತವೆ. ಕಡ್ಡಿಯಿಂದ ಮೆಲ್ಲಗೆ ಕಲಕು. ದಪ್ಪಗೆ ಒಮ್ಮೆಗಿಂತ ತೆಳ್ಳಗೆ ಮೂರು ಸಲ.

ಇನ್ನೊಂದು ಕೇಳಬೇಕಿತ್ತು. ಎಡಗಡೆ ಬಾಗಿಲಿನ ಒಳಗೆ ಅಜ್ಜಿ ಪೆನ್ಸಿಲಿನಲ್ಲಿ ಬರೆದಿಟ್ಟ ಹಾಲಿನ ಲೆಕ್ಕ ಇತ್ತು. ಅದರ ಮೇಲೂ ಬಳಿದೆಯಾ? ಬಳಿದಿರದಿದ್ದರೆ ಆ ಗೇಣು ಜಾಗ ಹಾಗೇ ಬಿಡು, ಬರೀ ಕ್ಲಿಯರ್ ಹಚ್ಚು. ಕುಂಚ ಒತ್ತಿ ತಿಕ್ಕಬೇಡ, ಅಕ್ಷರ ಅಳಿಸೀತು.

ನಿನ್ನ
ಅಪ್ಪ