ಕಣ್ಣು ಮುಚ್ಚಿದರೆ ಎದೆಬಡಿತವೇ ಕೇಳುತ್ತದೆ

ಪ್ರಶ್ನೆ: ನಾನು 36 ವರ್ಷದ ಪ್ರೌಢಶಾಲಾ ಶಿಕ್ಷಕಿ. ಅಜ್ಜಿ, ಅಮ್ಮ ಇಬ್ಬರದೂ ಗಾಬರಿ ಸ್ವಭಾವ, ನನ್ನದೂ ಅದೇ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ರಿಂಗಾದರೆ ಕೈಕಾಲು ತಣ್ಣಗಾಗುತ್ತವೆ. ಡಾಕ್ಟರು ಆತಂಕಕ್ಕೆ ಮಾತ್ರೆ ಕೊಟ್ಟಿದ್ದಾರೆ. ಎಂಟು ತಿಂಗಳಿಂದ ದಿನಾ ಅರ್ಧ ಗಂಟೆ ಧ್ಯಾನಕ್ಕೆ ಕೂರುತ್ತಿದ್ದೇನೆ. ನನ್ನ ಜೊತೆಗೇ ಶುರು ಮಾಡಿದ ತಂಗಿ ಎಷ್ಟೋ ಶಾಂತವಾಗಿದ್ದಾಳೆ; ಧ್ಯಾನ ಮಾಡುವವಳಿಗೆ ಮಾತ್ರೆ ಯಾಕೆ ಅನ್ನುತ್ತಾಳೆ. ನನಗಾದರೆ ಕಣ್ಣು ಮುಚ್ಚಿದ ಕೂಡಲೇ ಎದೆಬಡಿತ ಜೋರಾಗುತ್ತದೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುತ್ತಾರೆ ಅತ್ತೆ. ಏಳು ವರ್ಷದ ಮಗಳಿಗೂ ಇದು ರಕ್ತದಲ್ಲೇ ಬಂದಿರಬಹುದೇ? ಅವಳನ್ನೂ ಧ್ಯಾನಕ್ಕೆ ಕೂರಿಸಲೇ?

ಉತ್ತರ: ಎದೆಬಡಿತದ ವಿಷಯವನ್ನೇ ಮೊದಲು ಹೇಳುತ್ತೇನೆ, ಎಂಟು ತಿಂಗಳು ನಿಮ್ಮನ್ನು ಕುಗ್ಗಿಸಿರುವುದು ಅದೇ. ಧ್ಯಾನ ನಿಮಗೆ ಒಲಿಯುವುದಿಲ್ಲ ಎಂದು ಅದರರ್ಥವಲ್ಲ. ಗಾಬರಿ ಸ್ವಭಾವದವರ ಮೈ ಸದಾ ಕಾವಲು ಕಾಯುತ್ತಿರುತ್ತದೆ. ಕಣ್ಣು ಮುಚ್ಚಿದಾಗ ಹೊರಗೆ ಕಾಯಲು ಏನೂ ಸಿಗದೆ ಆ ಕಾವಲು ಒಳಕ್ಕೆ ತಿರುಗುತ್ತದೆ. ಆಗ ಎದೆಯ ಮಾಮೂಲಿ ಬಡಿತವೂ ಅಪಾಯದ ಗಂಟೆಯಂತೆ ಕೇಳಿಸುತ್ತದೆ. ಮೈ ಸಡಿಲಿಸಲೆಂದು ಕೂತಾಗಲೇ ಆತಂಕ ಏರುವುದನ್ನು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಗುರುತಿಸಿ ಬರೆದಿದ್ದಾರೆ.

ಅತ್ತೆಯವರ ಗಾದೆಯಲ್ಲಿ ಅರ್ಧ ಸತ್ಯವಿದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಆತಂಕದ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇ 40ರಷ್ಟು ಪಾಲು ವಂಶವಾಹಿಗಳದ್ದು. ಈ ಅಂಕಿಯನ್ನು ದಯವಿಟ್ಟು ತಪ್ಪಾಗಿ ತಿಳಿಯಬೇಡಿ. ಇದು ಸಾವಿರಾರು ಜನರನ್ನು ಒಟ್ಟಿಗೆ ನೋಡಿ ಹಾಕಿದ ಲೆಕ್ಕ. ನಿಮ್ಮೊಬ್ಬರ ಗಾಬರಿಯನ್ನು ಅಳೆದು ಇಷ್ಟು ಅಮ್ಮನದು, ಇಷ್ಟು ನಿಮ್ಮದು ಎಂದು ಭಾಗ ಮಾಡಲು ಅದು ಬರುವುದಿಲ್ಲ. ‘ಗಾಬರಿಯ ಜೀನ್’ ಎಂಬ ಒಂದೇ ಒಂದು ಜೀನ್ ಕೂಡ ಇಲ್ಲ; ಒಂದೊಂದೂ ತೀರಾ ಸಣ್ಣ ಪಾಲು ಕೊಡುವ ನೂರಾರು ಇವೆ. ಈ ಕ್ಷಣದಲ್ಲಿ ಗಮನವಿಟ್ಟು ಇರುವ ಸ್ವಭಾವವನ್ನೂ ಬ್ರಿಟನ್‌ನ 16 ವರ್ಷದ ಅವಳಿಗಳಲ್ಲಿ ಹೀಗೆಯೇ ಅಳೆದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಂಶವಾಹಿಗಳ ಪಾಲು ಶೇ 32. ಉಳಿದದ್ದರಲ್ಲಿ ಬಹುಪಾಲು, ಆಯಾ ಮಗು ತಾನೇ ಕಂಡುಂಡ ಅನುಭವಗಳದ್ದು. ನೀವೂ ತಂಗಿಯೂ ಒಂದೇ ಮನೆಯ ಊಟ ಉಂಡು ಬೆಳೆದರೂ ಒಂದೇ ಥರ ಇಲ್ಲವಲ್ಲ! ಅವರು ಎಲ್ಲಿಂದ ಹೊರಟರೋ ನೀವು ಅಲ್ಲಿಂದ ಹೊರಟವರಲ್ಲ. ಅವರ ಎಂಟು ತಿಂಗಳ ಪಕ್ಕಕ್ಕೆ ನಿಮ್ಮ ಎಂಟು ತಿಂಗಳನ್ನಿಟ್ಟು ನೋಡುವುದನ್ನು ಬಿಟ್ಟುಬಿಡಿ.

ನೋಡಬೇಕಾದ್ದು ನಿಮ್ಮ ಆ ಫೋನನ್ನು. ರಿಂಗಾದಾಗಿನ ಮೊದಲ ಧಸಕ್ಕು ಬಹುಶಃ ನಿಮ್ಮ ಜೊತೆಗೇ ಇರುತ್ತದೆ. ಆದರೆ ಆ ಧಸಕ್ಕಿನ ಹಿಂದೆ ಒಂದು ಬಾಲವಿದೆ: ಕರೆ ಮುಗಿದ ಮೇಲೂ ಬಿಡದ ಯೋಚನೆ, ರಾತ್ರಿಯ ನಿದ್ದೆಗೇಡು, ‘ನಾನೇಕೆ ಹೀಗೆ’ ಎಂಬ ಕೊರಗು. ಅಭ್ಯಾಸಕ್ಕೆ ಮೊಟಕಾಗುವುದು ಈ ಬಾಲ. ಮೊದಲು ಎರಡು ಗಂಟೆ ಹಿಡಿಯುತ್ತಿದ್ದದ್ದು ಈಗ ಎಷ್ಟು ಹೊತ್ತಿಗೆ ಇಳಿಯುತ್ತದೆ? ಒಂದು ವಾರ ಕ್ಯಾಲೆಂಡರಿನ ಮೂಲೆಯಲ್ಲಿ ಗುರುತು ಹಾಕುತ್ತಾ ಬನ್ನಿ.

ಕೂರುವ ರೀತಿಯನ್ನೂ ಬದಲಿಸೋಣ. ಕೆಲವು ವರ್ಷಗಳ ಹಿಂದೆ ನನ್ನೆದುರು ಕೂತು ಧ್ಯಾನ ಮಾಡಿ ತೋರಿಸಿದ ಒಬ್ಬ ಹೆಣ್ಣುಮಗಳು ಇನ್ನೂ ಕಣ್ಣಿಗೆ ಕಟ್ಟಿದಂತಿದ್ದಾರೆ. ನಿಮಿಷ ಕಳೆಯುವುದರೊಳಗೆ ಸೆರಗಿನ ತುದಿ ಅವರ ಮುಷ್ಟಿಯಲ್ಲಿ ಮುದ್ದೆಯಾಗಿತ್ತು, ಕಾಲ್ಬೆರಳು ಮಡಚಿದ್ದವು. ಕಣ್ಣು ತೆರೆದು ಅಂಗಾಲು ನೆಲಕ್ಕೆ ಊರಲು ಹೇಳಿದೆ. ನೆಲ ತಣ್ಣಗಿದೆ ಅಂದರು. ಅಷ್ಟೇ, ಆ ತಂಪನ್ನೇ ಗಮನಿಸುತ್ತಾ ಹೋದರು. ಸೆರಗು ತಾನಾಗಿ ಕೈಯಿಂದ ಜಾರಿತು. ನೀವೂ ಉಸಿರನ್ನು ಗಮನಿಸುವುದನ್ನು ಸದ್ಯಕ್ಕೆ ಬಿಡಿ. ಕಣ್ಣು ತೆರೆದೇ, ಅಂಗಳದಲ್ಲಿ ನಿಧಾನ ನಡೆಯುತ್ತಾ ಪಾದದ ಮೇಲೆ ಗಮನವಿಡಿ. ಹತ್ತು ನಿಮಿಷ ಸಾಕು. ಎದೆ ಬಡಿದುಕೊಂಡರೆ ನಿಲ್ಲಿಸಿ, ಅದು ಸೋಲಲ್ಲ. ಹತ್ತು ದಿನದ ಮೌನ ಶಿಬಿರಗಳ ಯೋಚನೆಯಿದ್ದರೆ ಈಗ ಖಂಡಿತ ಬೇಡ.

ಮಾತ್ರೆಯನ್ನು ತಂಗಿಯ ಮಾತಿಗೆ ಬಿಡಬೇಡಿ. 2014ರಲ್ಲಿ ಅಮೆರಿಕದ ಸಂಶೋಧಕರು 47 ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಧ್ಯಾನದಿಂದ ಆತಂಕ, ಖಿನ್ನತೆ ಒಂದಿಷ್ಟು ತಗ್ಗುವುದು ಕಂಡಿತು. ಔಷಧಿ, ವ್ಯಾಯಾಮಗಳಿಗಿಂತ ಅದು ಮೇಲು ಎನ್ನಲು ಆಧಾರ ಸಿಗಲಿಲ್ಲ. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ಹಂತ ಹಂತವಾಗಿ ಮಾಡಲಿ. ನಡುರಾತ್ರಿ ತೀರಾ ತಡೆಯಲಾಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಮಗಳು. ಹಾರ್ವರ್ಡ್‌ನ ಜೆರೋಮ್ ಕೇಗನ್ ನಾಲ್ಕು ತಿಂಗಳ ಹಸುಗೂಸುಗಳ ಮುಂದೆ ಬಣ್ಣದ ಆಟಿಕೆ ತೂಗಿ, ಹೊಸ ದನಿ ಕೇಳಿಸಿ ನೋಡಿದರು. ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅತ್ತಿತು. ಅಂಥ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ, ದೊಡ್ಡವರಾದ ಮೇಲೂ ತೀರಾ ಅಂಜುಬುರುಕರಾಗಿ ಉಳಿದವರು ಕೆಲವರೇ. ನಿಮ್ಮ ಮಗಳು ಆ ಗುಂಪಿನವಳೇ ಎಂದುಕೊಂಡರೂ ಅವಳ ದಾರಿ ಇನ್ನೂ ತೆರೆದೇ ಇದೆ. ಕಣ್ಣು ಮುಚ್ಚಿ ಕೂರಿಸಬೇಡಿ. ನೀವು ಅಂಗಳದಲ್ಲಿ ನಡೆಯುವಾಗ ಬಂದರೆ ಕೈ ಹಿಡಿದುಕೊಳ್ಳಿ. ಎರಡು ಸುತ್ತಿಗೆ ಬೇಸರವಾಗಿ ಓಡಿದರೆ ಓಡಲಿ, ನೀವು ಮೂರನೆಯ ಸುತ್ತು ಮುಗಿಸಿ.