ಆಟದ ಬಂದೂಕು ಯಾವಾಗ ಆಯುಧವಾಗುತ್ತದೆ?

ಅಸಲಿ ಬಂದೂಕಿನಂತೆಯೇ ಕಾಣುವ ಗನ್ನಿನಿಂದ 6 ಮಿ.ಮೀ. ಪ್ಲಾಸ್ಟಿಕ್ ಗುಂಡು ಹಾರಿಸುತ್ತ ಎರಡು ತಂಡಗಳು ಬಯಲಿನಲ್ಲಿ ಆಡುವ ಆಟ ಏರ್‌ಸಾಫ್ಟ್. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಆಟಕ್ಕೆ ಯಾದಗಿರಿ, ಶಹಾಪುರ, ಸುರಪುರದ ಕಲ್ಲುಗುಡ್ಡಗಳು ಹೇಳಿ ಮಾಡಿಸಿದಂತಿವೆ. ಆಡಬೇಕೆನ್ನುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಲೈಸೆನ್ಸ್ ಬೇಕೇ? ‘ಆಟಿಕೆಗೆ ಯಾವ ಕಾನೂನು’ ಎಂಬುದು ಒಂದು ಉತ್ತರ, ‘ಬಂದೂಕು ಹಿಡಿದರೆ ಕೇಸು ಖಚಿತ’ ಎಂಬುದು ಇನ್ನೊಂದು. ಎರಡೂ ಅರ್ಧಸತ್ಯ. ಕಾನೂನು ಕೇಳುವುದು ವಸ್ತುವಿನ ಹೆಸರನ್ನಲ್ಲ. ಅದು ಏನು ಮಾಡಬಲ್ಲದು, ನೋಡಿದವರಿಗೆ ಏನಾಗಿ ಕಾಣುತ್ತದೆ, ಹಿಡಿದವನು ಅದನ್ನು ಎಲ್ಲಿ ಹೇಗೆ ಬಳಸಿದ ಎಂಬುದನ್ನು. ಏರ್‌ಸಾಫ್ಟ್‌ನಲ್ಲಿ ಗುಂಡಿನ ಬಲಕ್ಕಿಂತ ಬಂದೂಕಿನ ರೂಪವೇ ದೊಡ್ಡ ತೊಡಕು ತರುತ್ತದೆ. ಇದನ್ನು ಒಪ್ಪಿಕೊಂಡರೆ ಜಾಗ, ಕಾಗದಪತ್ರ, ಸುರಕ್ಷತೆ ಈ ಮೂರರಲ್ಲೂ ಮಾಡಬೇಕಾದದ್ದು ತಾನಾಗಿ ಸ್ಪಷ್ಟವಾಗುತ್ತದೆ.

1959ರ ಆಯುಧ ಕಾಯ್ದೆಯ ಎರಡನೇ ಕಲಮಿನಲ್ಲಿ ಬಂದೂಕಿನ ವ್ಯಾಖ್ಯೆ ವಿಶಾಲವಾಗಿದೆ. ಸಿಡಿಮದ್ದಿನಿಂದಾಗಲಿ, ಬೇರೆ ಯಾವುದೇ ಬಗೆಯ ಶಕ್ತಿಯಿಂದಾಗಲಿ ಗುಂಡು ಚಿಮ್ಮಿಸಲು ತಯಾರಾದದ್ದೆಲ್ಲ ಅದರೊಳಗೆ ಬರುತ್ತದೆ. ಮದ್ದಿಲ್ಲ, ಬರೀ ಗಾಳಿ ಅಥವಾ ಸ್ಪ್ರಿಂಗ್ ಎಂಬ ವಾದ ಆದ್ದರಿಂದ ನಿಲ್ಲದು. ಆದರೆ ಅದೇ ಕಲಂ ಇನ್ನೊಂದು ಬಾಗಿಲನ್ನೂ ತೆರೆದಿದೆ: ಆಟಿಕೆಯಾಗಿ ಅಲ್ಲದೆ ಬೇರೆ ರೀತಿ ಬಳಸಲು ಬಾರದ, ನಿಜವಾದ ಆಯುಧವಾಗಿ ಪರಿವರ್ತಿಸಲೂ ಆಗದ ವಸ್ತು ‘ಆಯುಧ’ವಲ್ಲ. 2016ರ ಆಯುಧ ನಿಯಮಗಳು ಗಾಳಿ ಬಂದೂಕಿಗೆ 20 ಜೂಲ್ ಶಕ್ತಿ ಮತ್ತು 4.5 ಮಿ.ಮೀ. ನಳಿಕೆಯ ಗೆರೆ ಎಳೆದಿವೆ. 0.20 ಗ್ರಾಮಿನ ಏರ್‌ಸಾಫ್ಟ್ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಒಂದೇ ಜೂಲ್. ಶಕ್ತಿಯ ಲೆಕ್ಕದಲ್ಲಿ ಅದು ಗೆರೆಗಿಂತ ಎಷ್ಟೋ ಕೆಳಗಿದ್ದರೂ ನಳಿಕೆಯ ಅಳತೆಯಲ್ಲಿ ಗೆರೆ ದಾಟಿದೆ. ಹಾಗಾಗಿ ಏರ್‌ಗನ್ನಿಗೆ ಸಿಗುವ ಸಡಿಲಿಕೆ ತನಗೂ ಸಿಗುತ್ತದೆಂದು ಆಟಗಾರ ತಾನೇ ತೀರ್ಪು ಕೊಟ್ಟುಕೊಳ್ಳಬಾರದು. ಕೊಳ್ಳುವ ಮೊದಲು ಗನ್ನಿನ ಮಾದರಿ, ಶಕ್ತಿ, ಗುಂಡಿನ ಅಳತೆಯ ವಿವರ ಬರೆದು, ಚಿತ್ರ ಲಗತ್ತಿಸಿ, ಇದಕ್ಕೆ ಲೈಸೆನ್ಸ್ ಅಗತ್ಯವೇ ಎಂದು ಜಿಲ್ಲಾ ದಂಡಾಧಿಕಾರಿಗಳೂ ಆಗಿರುವ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಸರಿಯಾದ ದಾರಿ. ವಿದೇಶದಿಂದ ತರಿಸುವ ಯೋಚನೆಯಿದ್ದರೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಆಯುಧದ ಆಮದಿಗೆ ಹತ್ತನೇ ಕಲಂ ಪ್ರತ್ಯೇಕ ಲೈಸೆನ್ಸ್ ಕೇಳುತ್ತದೆ.

ಜಾತ್ರೆಯ ಅಂಗಡಿಗಳಲ್ಲಿ ಮಕ್ಕಳಿಗೆ ಪ್ಲಾಸ್ಟಿಕ್ ಗುಂಡಿನ ಪಿಸ್ತೂಲು ಮಾರುತ್ತಾರಲ್ಲ, ಅದಕ್ಕಿಲ್ಲದ ಕಾನೂನು ಇದಕ್ಕೇಕೆ ಎಂದು ಕೇಳಬಹುದು. ಅದಕ್ಕೂ ಕಾನೂನಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯ. ಮುದ್ರೆಯಿಲ್ಲದ ಪಿಸ್ತೂಲನ್ನು ಕೊಳ್ಳದಿರುವುದು ಪೋಷಕರ ಜಾಣತನ, ಅದರ ಬಗ್ಗೆ ದೂರು ಕೊಡುವುದು ಅವರ ಹಕ್ಕು. ದೊಡ್ಡವರಿಗೆಂದೇ ತಯಾರಾದ ಏರ್‌ಸಾಫ್ಟ್ ಗನ್ ಈ ಮುದ್ರೆಯ ವ್ಯಾಪ್ತಿಗೇ ಬರುವುದಿಲ್ಲ. ಆದ್ದರಿಂದ ಅದನ್ನು ‘ಮಕ್ಕಳ ಆಟಿಕೆ’ ಎಂದು ಸಮರ್ಥಿಸಿಕೊಳ್ಳುವುದು ಕಷ್ಟ.

ಒಂದು ಜೂಲಿನ ಗುಂಡಿಗೆ ಇಷ್ಟೆಲ್ಲ ಏಕೆ ಎನ್ನುವವರು ಬೇರೆ ದೇಶಗಳ ಅನುಭವ ನೋಡಬೇಕು. ಜಪಾನ್ 2006ರಲ್ಲಿ ಕಾನೂನು ತಿದ್ದಿ ಶಕ್ತಿಯನ್ನೇ ಒಂದು ಜೂಲಿನ ಆಸುಪಾಸಿಗೆ ಕಟ್ಟಿಹಾಕಿತು. ಬ್ರಿಟನ್ ಅದೇ ವರ್ಷ ಅಸಲಿಯಂತೆ ಕಾಣುವ ನಕಲಿ ಬಂದೂಕುಗಳ ಮಾರಾಟಕ್ಕೆ ಕಡಿವಾಣ ಹಾಕಿತು. ಒಂದು ದೇಶ ಬಲವನ್ನು, ಇನ್ನೊಂದು ರೂಪವನ್ನು ಅಪಾಯವೆಂದು ಗುರುತಿಸಿತು. ನಮ್ಮ ಕಾಯ್ದೆಗೂ ರೂಪದ ಅರಿವಿದೆ. ಬಂಧನ ತಪ್ಪಿಸಿಕೊಳ್ಳಲು ನಕಲಿ ಬಂದೂಕು ಬಳಸಿದರೂ 28ನೇ ಕಲಂ ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ನಕಲಿಯನ್ನು ಅಸಲಿಯಾಗಿ ಮಾರ್ಪಡಿಸುವುದನ್ನು 6ನೇ ಕಲಂ ಲೈಸೆನ್ಸಿಲ್ಲದೆ ಬಿಡುವುದಿಲ್ಲ. ಯಾರಿಗಾದರೂ ತೋರಿಸಿ ಹೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನಡಿ ಅದು ಬೆದರಿಕೆಯ ಅಪರಾಧ. ಬೈಕಿನ ಹಿಂದೆ ಕೂತವನ ಹೆಗಲಲ್ಲಿ ರೈಫಲ್ ಕಂಡ ದಾರಿಹೋಕನಿಗೆ ಅದರ ಜೂಲ್ ಎಷ್ಟೆಂದು ತಿಳಿಯುವುದಿಲ್ಲ, ಕರೆ ಬಂದು ಓಡಿಬಂದ ಪೊಲೀಸರಿಗೂ ತಿಳಿಯುವುದಿಲ್ಲ. ಮನೆಯಿಂದ ಮೈದಾನದವರೆಗೆ ಗನ್ನು ಮುಚ್ಚಿದ ಚೀಲದಲ್ಲಿರಬೇಕು, ಗುಂಡಿನ ಮ್ಯಾಗಝೀನ್ ಬೇರೆ ಇರಬೇಕು, ಖರೀದಿಯ ಬಿಲ್ಲು ಜೊತೆಗಿರಬೇಕು. ಕೈಯಲ್ಲಿ ಹಿಡಿದು ರಸ್ತೆಯಲ್ಲಿ ವಿಡಿಯೋ ಮಾಡುವುದಂತೂ ಬೇಡವೇ ಬೇಡ. ಜಾತ್ರೆ, ಚುನಾವಣೆ, ಗಲಭೆಯ ಹೊತ್ತಿನಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ ನಿಷೇಧಾಜ್ಞೆ ಜಾರಿಯಲ್ಲಿದ್ದರೆ ಆಟವನ್ನೇ ಮುಂದೂಡಬೇಕು.

ಇನ್ನು ಜಾಗದ ಮಾತು. ಖಾಲಿ ಕಂಡ ಜಾಗವೆಲ್ಲ ಯಾರದ್ದೂ ಅಲ್ಲದ ಜಾಗವಲ್ಲ. ಮೊದಲು ಪಹಣಿ ತೆಗೆಸಿ ಜಮೀನು ಪಟ್ಟಾದ್ದೋ, ಗೋಮಾಳವೋ, ಅರಣ್ಯವೋ ನೋಡಬೇಕು. ಯಾದಗಿರಿಯ ಕೋಟೆ, ಸುರಪುರ ಸೀಮೆಯ ವಾಗಣಗೇರಾ ಕೋಟೆ, ಶಹಾಪುರದ ಬುದ್ಧ ಮಲಗಿದ ಬೆಟ್ಟ ಎಷ್ಟೇ ಆಕರ್ಷಕವಾಗಿದ್ದರೂ ಜನ ಓಡಾಡುವ ಪಾರಂಪರಿಕ ತಾಣಗಳು ಗುಂಡಿನಾಟಕ್ಕೆ ಸಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿಯಾದರೆ ಅದೇ ಪ್ರತ್ಯೇಕ ಅಪರಾಧ. ಬೋನಾಳ ಪಕ್ಷಿಧಾಮದಂಥ ಕಡೆ ಗನ್ನು ಒಯ್ಯುವ ಯೋಚನೆಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಜೀವಿಯನ್ನು ಗಾಯಗೊಳಿಸುವುದೂ ಬೇಟೆಯೇ. ಸ್ವಂತದ್ದೋ ಪರಿಚಿತರದ್ದೋ ಹೊಲವಾದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಆಗೊಮ್ಮೆ ಈಗೊಮ್ಮೆ ಗೆಳೆಯರು ಸೇರಿ ಆಡುವುದು ಬೇರೆ, ದುಡ್ಡು ಪಡೆದು ಕಾಯಂ ಮೈದಾನ ನಡೆಸುವುದು ಬೇರೆ. ಎರಡನೆಯದಕ್ಕೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯೂ ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಪರವಾನಗಿಯೂ ಬೇಕಾಗುತ್ತವೆ.

ಆಟದೊಳಗಿನ ದೊಡ್ಡ ಅಪಾಯ ಕಣ್ಣಿಗೆ. ಚರ್ಮಕ್ಕೆ ಕೆಂಪು ಗುರುತು ಬಿಡುವ ಗುಂಡೇ ಕಣ್ಣಿಗೆ ತಾಗಿದರೆ ದೃಷ್ಟಿ ಹೋಗಬಹುದು. ತಂಪು ಕನ್ನಡಕವಾಗಲಿ, ಓದುವ ಕನ್ನಡಕವಾಗಲಿ ರಕ್ಷಣೆಯಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ, ಹೊಡೆತ ತಾಳುವ ಪಾಲಿಕಾರ್ಬೊನೇಟ್ ಗಾಗಲ್ ಬೇಕು, ಹಲ್ಲು ಬಾಯಿಗೆ ಮುಖಕವಚ ಬೇಕು. ಮೈದಾನದ ಗಡಿಯಲ್ಲಿ ಹಗ್ಗ ಮತ್ತು ಫಲಕ, ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್, ಕವಚ ತೆಗೆಯಬಹುದಾದ ಪ್ರತ್ಯೇಕ ಜಾಗ ಇರಬೇಕು. ಕುರಿ ಕಾಯುವವರು ಒಳಗೆ ಬಂದರೆ ಆಟ ಆ ಕ್ಷಣವೇ ನಿಲ್ಲಬೇಕು. ಇವು ಬರೀ ಒಳ್ಳೆಯ ಅಭ್ಯಾಸಗಳಲ್ಲ, ನಾಳೆ ನ್ಯಾಯಾಲಯದಲ್ಲಿ ನಿರ್ಲಕ್ಷ್ಯವಾಯಿತೇ ಇಲ್ಲವೇ ಎಂಬುದನ್ನು ತೂಗುವ ಅಳತೆಗೋಲುಗಳೂ ಹೌದು. ನ್ಯಾಯ ಸಂಹಿತೆಯ 116ನೇ ಕಲಮಿನಂತೆ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದರೂ ಅದು ತೀವ್ರ ಗಾಯ. ನಿರ್ಲಕ್ಷ್ಯದಿಂದ ಅಂಥ ಗಾಯವಾದರೆ 125ನೇ ಕಲಂ ಮೂರು ವರ್ಷದವರೆಗೆ ಸೆರೆವಾಸ ಹೇಳುತ್ತದೆ.

‘ಆಡುವವರು ತಮ್ಮದೇ ಹೊಣೆಯೆಂದು ಸಹಿ ಹಾಕಿರುತ್ತಾರಲ್ಲ’ ಎಂಬುದು ಸಂಘಟಕರ ಮಾಮೂಲಿ ಸಮಾಧಾನ. ಆ ಸಹಿ ಆಟದ ಸಹಜ ಪೆಟ್ಟಿಗೆ ಒಪ್ಪಿಗೆಯಾದೀತು, ಬಿರುಕುಬಿಟ್ಟ ಗಾಗಲ್ ಕೊಟ್ಟ ನಿರ್ಲಕ್ಷ್ಯಕ್ಕೆ ಕ್ಷಮಾಪಣೆ ಆಗಲಾರದು. 18 ತುಂಬದವರ ಸಹಿಗೆ ಕರಾರಿನ ಬಲವೇ ಇಲ್ಲ. ಅಪ್ರಾಪ್ತರ ಕರಾರು ಅನೂರ್ಜಿತವೆಂದು ಪ್ರಿವಿ ಕೌನ್ಸಿಲ್ 1903ರಲ್ಲೇ ಹೇಳಿದೆ. ಶುಲ್ಕ ಕೊಟ್ಟು ಆಡಿದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು. ಸೇವೆಯ ಲೋಪಕ್ಕೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದು, ಕೊಟ್ಟ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಗಾಯಾಳುವನ್ನು ಕರೆತಂದಾಗ ‘ಪೊಲೀಸ್ ಕೇಸು, ಮೊದಲು ಠಾಣೆಗೆ ಹೋಗಿ’ ಎನ್ನಲು ಯಾವ ಆಸ್ಪತ್ರೆಗೂ ಅಧಿಕಾರವಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಚಿಕಿತ್ಸೆ ಮೊದಲು, ಕಾಗದ ಆಮೇಲೆ ಎಂದಿದೆ.

ಇಷ್ಟು ಮಾಡಿಯೂ ಪೊಲೀಸರು ತಡೆದರೆ ವಾದಕ್ಕಿಳಿಯದೆ ಗನ್ನು ನೆಲಕ್ಕಿಟ್ಟು, ಕೈ ಕಾಣುವಂತೆ ನಿಂತು ಕಾಗದ ತೋರಿಸಬೇಕು. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಚಿತ್ರೀಕರಿಸಬೇಕೆಂದು ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಜಪ್ತಿ ಪಟ್ಟಿಯ ಪ್ರತಿ ಕೇಳಿ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ವೇಳೆ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆಯುಧ ಕಾಯ್ದೆಯ ಮೂರನೇ ಕಲಮಿನಡಿ, ಅಂದರೆ ಲೈಸೆನ್ಸಿಲ್ಲದ ಬಂದೂಕಿನ ಆರೋಪದ ಮೇಲೆ, ಮೊಕದ್ದಮೆ ಹೂಡಲು ಜಿಲ್ಲಾ ದಂಡಾಧಿಕಾರಿಯ ಪೂರ್ವಾನುಮತಿ ಬೇಕೆಂದು 39ನೇ ಕಲಂ ಹೇಳಿರುವುದು ನಾಗರಿಕನಿಗೆ ದೊಡ್ಡ ರಕ್ಷಣೆ. ಮೊದಲೇ ಕೊಟ್ಟ ಅರ್ಜಿಯ ಸ್ವೀಕೃತಿ ಬೆಲೆ ಪಡೆಯುವುದು ಇಲ್ಲಿಯೇ. ಉಚಿತ ಕಾನೂನು ನೆರವಿಗೆ ಕಾನೂನು ಸೇವೆಗಳ ಪ್ರಾಧಿಕಾರದ 15100 ಸಂಖ್ಯೆಯಿದೆ.

ಜಿಲ್ಲಾಧಿಕಾರಿಗೆ ಅರ್ಜಿಯನ್ನೋ ಠಾಣೆಗೆ ಆಟದ ಮಾಹಿತಿ ಪತ್ರವನ್ನೋ ತಾನಾಗಿ ಕೊಡುವುದೆಂದರೆ ಇಲ್ಲದ ತಾಪತ್ರಯ ಮೈಮೇಲೆ ಎಳೆದುಕೊಂಡಂತೆ ಎಂಬ ಆಕ್ಷೇಪಕ್ಕೆ ಈ ಸೀಮೆಯಲ್ಲಿ ಇತಿಹಾಸದ ಬಲವೂ ಇದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿರೆಂಬ ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಸಿಡಿದೆದ್ದರು. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕರು ಅದೇ ಬ್ರಿಟಿಷರ ಎದುರು ನಿಂತರು. ಆಗಿನ ಕಾಯ್ದೆ ಆಳುವವರ ಭಯದಿಂದ ಹುಟ್ಟಿದ್ದು, ಅದರ ಎದುರು ಪ್ರಜೆಗೆ ಕೇಳುವ ಹಕ್ಕಿರಲಿಲ್ಲ. 1959ರ ಕಾಯ್ದೆಯಲ್ಲಿ ಲೈಸೆನ್ಸ್ ನಿರಾಕರಿಸಿದರೆ ಅಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅದರ ಮೇಲೆ ಮೇಲ್ಮನವಿ ಸಲ್ಲಿಸಬಹುದು. ಅರ್ಜಿಗೆ ಉತ್ತರವೇ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅದರ ಗತಿಯೇನಾಯಿತೆಂದು ಕೇಳಬಹುದು, 30 ದಿನದಲ್ಲಿ ಉತ್ತರ ಬರಬೇಕು. ಸುಮ್ಮನೆ ನಿಷೇಧಿಸಿಬಿಡಿ ಎನ್ನುವವರಿಗೂ ಉತ್ತರವಿದೆ. ನಿಷೇಧ ಆಟವನ್ನು ಕೋಟೆಯ ಮರೆಗೆ ಅಟ್ಟುತ್ತದೆ, ಅಲ್ಲಿ ಗಾಗಲ್ ನೋಡುವವರೂ ಇಲ್ಲ, ಹಗ್ಗ ಕಟ್ಟುವವರೂ ಇಲ್ಲ. ಆದ್ದರಿಂದ ತಂಡ ಕಟ್ಟುವವರು ಗನ್ನಿಗೆ ಹಣ ಹೂಡುವ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ, ಠಾಣೆಗೆ ಮಾಹಿತಿ ಪತ್ರ, ಜಮೀನಿನವರ ಒಪ್ಪಿಗೆ ಈ ಮೂರನ್ನು ಕೈಗೆ ತೆಗೆದುಕೊಳ್ಳಲಿ. ಉತ್ತರ ‘ಬೇಡ’ ಎಂದು ಬಂದರೆ ನಷ್ಟವಾಗುವುದು ಮೂರು ಹಾಳೆಯಷ್ಟೇ.