‘ಸ್ಮಾರ್ಟ್’ ಎಂಬ ಪದದ ಬೇರು ಹುಡುಕುವುದು: ಹಂತ ಹಂತವಾಗಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳಿಂದ ಹತ್ತು ಗುಣವಾಚಕ ಬಾಯಿಪಾಠ ಮಾಡಿಸುವುದಕ್ಕಿಂತ ಒಂದನ್ನು ಬೇರುಸಹಿತ ತೋರಿಸುವುದು ಮೇಲು. ‘ಸ್ಮಾರ್ಟ್’ನಿಂದ ಶುರುಮಾಡಿ. ಒಂದು ಡಿಕ್ಷನರಿ, ಒಂದು ನೋಟ್‌ಬುಕ್ ಇದ್ದರೆ ಸಾಕು.

ಹಂತ 1. ಪದ ಎಲ್ಲೆಲ್ಲಿ ಕಂಡಿದೆಯೋ ಬರೆಯಿರಿ: ಸ್ಮಾರ್ಟ್ ಫೋನ್, ಸ್ಮಾರ್ಟ್ ಕ್ಲಾಸ್. 2016ರ ಜನವರಿಯಲ್ಲಿ ಪ್ರಕಟವಾದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ನಮ್ಮ ಬೆಳಗಾವಿಯೂ ಇತ್ತು, ಅದನ್ನೂ ಸೇರಿಸಿ.

ಹಂತ 2. ಪಕ್ಕದ ನಾಮಪದ ನೋಡಿ. ಹುಡುಗನ ಮಾತಾದರೆ ನಮ್ಮ ಕಡೆಯ ‘ಶಾಣ್ಯಾ’, ಅಂದರೆ ಜಾಣ, ಸರಿಹೊಂದುತ್ತದೆ. ರಾಮದುರ್ಗದ ಮಗ್ಗದ ಸೀರೆ ಉಟ್ಟು ಬಂದ ಅಕ್ಕೋರ ಉಡುಪಿಗೆ ‘ಸ್ಮಾರ್ಟ್’ ಅಂದರೆ ಅಚ್ಚುಕಟ್ಟು ಎಂದರ್ಥ. ಫೋನಿಗೆ ಇವೆರಡೂ ಹೊಂದುವುದಿಲ್ಲ. ಅಲ್ಲಿ ಅದು ಕಂಪ್ಯೂಟರಿನ ಕೆಲಸವನ್ನೂ ಮಾಡಬಲ್ಲದು ಎಂಬ ಅರ್ಥ. ಎಲ್ಲ ಕಡೆಗೂ ಒಂದೇ ಕನ್ನಡ ಪದ ಹಚ್ಚಲು ಹೋಗಬೇಡಿ.

ಹಂತ 3. ಈಗ ಡಿಕ್ಷನರಿ ತೆಗೆಯಿರಿ. ಗುಣವಾಚಕದ ಜೊತೆಗೆ ಇದೇ ರೂಪದ ಕ್ರಿಯಾಪದವೂ ಇದೆ, ಅದನ್ನು ಬಿಡಬೇಡಿ. ಅದರ ಅರ್ಥ ಉರಿಯುವುದು, ನೋಯುವುದು. ಹೊಗೆಗೆ ಕಣ್ಣುರಿದರೂ ಇಂಗ್ಲಿಷಿನವರು ಇದೇ ಪದ ಬಳಸುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ಸ್ಮಾರ್ಟ್’ ಅಂದರೆ ನೋವು ಕೊಡುವ, ಚುಚ್ಚುವ ಎಂದೇ ಇತ್ತು. ನೋವಿಗೆ ಜರ್ಮನರು ಹೇಳುವ ‘ಶ್ಮೆರ್ಟ್ಸ್’ ಇದರ ದಾಯಾದಿ. ಚುರ್ರೆನ್ನುವ ಏಟಿನಿಂದ ಚುರುಕಿನ ನಡೆಗೆ, ಅಲ್ಲಿಂದ 17ನೇ ಶತಮಾನದ ಹೊತ್ತಿಗೆ ಚುರುಕು ಬುದ್ಧಿಗೆ, ಮುಂದಿನ ಶತಮಾನದಲ್ಲಿ ಉಡುಪಿಗೆ ಅರ್ಥ ಹರಡಿತು. ಯಂತ್ರಗಳಿಗೆ ಅದು ಅಂಟಿಕೊಂಡದ್ದು ತೀರಾ ಈಚೆಗೆ.

ಹಂತ 4. ಈಗ ಕನ್ನಡದ ‘ಚುರುಕು’ ಪದಕ್ಕೆ ಬನ್ನಿ. ಇದು ನನಗೆ ತುಂಬ ಪ್ರಿಯವಾದ ಹಂತ. ಮೆಣಸಿನಕಾಯಿ ಮುರಿದ ಕೈ ಚುರುಚುರು ಅನ್ನುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಚುರ್ ಅನ್ನುತ್ತದೆ. ಚುರುಕು ಮುಟ್ಟಿಸುವುದು ಅಂದರೆ ನೋಯಿಸುವುದು. ಚುರುಕು ಹುಡುಗಿ ಅಂದರೆ ಜಾಣೆ. ಉರಿಯಿಂದ ಜಾಣತನಕ್ಕೆ ಇಂಗ್ಲಿಷ್ ನಡೆದ ದಾರಿಯಲ್ಲೇ ಕನ್ನಡವೂ ನಡೆದಿದೆ! ಮಕ್ಕಳು ಇದನ್ನು ತಾವೇ ಕಂಡುಕೊಳ್ಳಲಿ, ನೀವು ಮೊದಲೇ ಹೇಳಿಬಿಡಬೇಡಿ. ಆಮೇಲೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ‘ಚುರುಕು’ ಹುಡುಕಿಸಿ.

ಆದರೆ ಒಂದು ಎಚ್ಚರಿಕೆ: ಈ ಎರಡು ಪದಗಳಿಗೆ ರಕ್ತಸಂಬಂಧವಿಲ್ಲ. ಒಂದು ಜರ್ಮಾನಿಕ್ ಕುಲದ್ದು, ಇನ್ನೊಂದು ಕನ್ನಡದ್ದೇ. ಅರ್ಥ ಹೊಂದಿತೆಂದು ಮೂಲವೂ ಒಂದೇ ಎಂದರೆ ಇಡೀ ಪಾಠ ಸುಳ್ಳಾಗುತ್ತದೆ.

ಹಂತ 5. ಪ್ರತಿಯೊಬ್ಬರಿಂದ ಮೂರು ಇಂಗ್ಲಿಷ್ ವಾಕ್ಯ ಬರೆಸಿ: ಒಂದು ಬುದ್ಧಿಗೆ, ಒಂದು ಉಡುಪಿಗೆ, ಒಂದು ಕಣ್ಣುರಿಗೆ. ಮೂರನೆಯದು ಸರಿಬಂದರೆ ಮುಂದಿನ ಪದಕ್ಕೆ ಹೋಗಿ. ‘ಶಾರ್ಪ್’ ತೆಗೆದುಕೊಳ್ಳಬಹುದು.